ಬಾಡಿಗೆ ಮನೆಯವರಿಗೆ ಪ್ರತ್ಯೇಕ ಪಡಿತರ ಚೀಟಿ

ಪಾವಗಡದಿಂದ ತುಮಕೂರಿಗೆ ಬಂದು ಬಾಡಿಗೆ ಮನೆಯಲ್ಲಿರುವ ನಿಮಗೆ, ಅತ್ತೆಯವರ ಬಿಪಿಎಲ್ ಚೀಟಿಯಲ್ಲಿ ಹೆಸರಿರುವಾಗಲೇ ಬೇರೆ ಚೀಟಿ ಸಿಗುವುದೇ, ಪತಿಯ ಆಟೊ ಅದಕ್ಕೆ ಅಡ್ಡಿಯಾಗುವುದೇ ಎಂದು ಕೇಳಿದ್ದೀರಿ.

ಒಂದೇ ಆಧಾರ್ ಸಂಖ್ಯೆ ಎರಡು ಚೀಟಿಗಳಲ್ಲಿ ಇರುವಂತಿಲ್ಲವಾದ್ದರಿಂದ, ಹೊಸದಕ್ಕೆ ಮುನ್ನ ಹಳೆಯ ಚೀಟಿಯಿಂದ ನಿಮ್ಮಿಬ್ಬರ ಮತ್ತು ಮಗುವಿನ ಹೆಸರನ್ನು ತೆಗೆಸಲೇಬೇಕು. ಆದರೆ ಅವಸರ ಬೇಡ. ಆಹಾರ ಇಲಾಖೆಯು ಹೊಸ ಬಿಪಿಎಲ್ ಅರ್ಜಿಗಳನ್ನು ವರ್ಷವಿಡೀ ಸ್ವೀಕರಿಸುವುದಿಲ್ಲ. ಅರ್ಜಿ ಸಲ್ಲಿಕೆ ಆರಂಭವಾಗಿದೆಯೇ ಎಂಬುದನ್ನು ಕರ್ನಾಟಕ ಒನ್ ಕೇಂದ್ರದಲ್ಲಿ ವಿಚಾರಿಸದೆ ಹೆಸರು ತೆಗೆಸಿದರೆ, ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಅಂಗಡಿಯ ಅಕ್ಕಿಯನ್ನೇ ಕೊಳ್ಳಬೇಕಾದೀತು. ಅಲ್ಲಿಯವರೆಗೆ, ಅತ್ತೆಯವರೊಂದಿಗೆ ಮಾತಾಡಿಕೊಂಡು, ಅದೇ ಚೀಟಿಯ ಪಡಿತರವನ್ನು ತುಮಕೂರಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಪಡೆಯಬಹುದು; ಅದಕ್ಕಾಗಿ ಪಾವಗಡದವರೆಗೆ ಬಸ್ಸು ಹತ್ತಬೇಕಿಲ್ಲ.

ಈ ನಡುವೆ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರವನ್ನು ಮಾಡಿಸಿಟ್ಟುಕೊಳ್ಳಿ. ಕುಟುಂಬದ ವಾರ್ಷಿಕ ಆದಾಯವು 1.20 ಲಕ್ಷ ರೂಪಾಯಿಯನ್ನು ಮೀರಿರಬಾರದು. ಎಲ್ಲರ ಆಧಾರ್‌ನಲ್ಲಿ ಹೆಸರಿನ ಅಕ್ಷರಗಳು ಸರಿಯಿವೆಯೇ, ಮೊಬೈಲ್ ಸಂಖ್ಯೆ ಜೋಡಣೆಯಾಗಿದೆಯೇ ಎಂದು ಈಗಲೇ ನೋಡಿಕೊಳ್ಳುವುದು ಒಳ್ಳೆಯದು. ನನ್ನ ಅನುಭವದಲ್ಲಿ ಅರ್ಜಿಗಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಲ್ಲಿಯೇ, ಆದಾಯದ ವಿಚಾರದಲ್ಲಲ್ಲ. ಮಗುವಿಗೆ ಇನ್ನೂ ಆಧಾರ್ ಆಗಿರದಿದ್ದರೆ ಜನನ ಪ್ರಮಾಣಪತ್ರವನ್ನು ಜೊತೆಗಿಟ್ಟುಕೊಳ್ಳಿ.

ಆಟೊ ಬಗ್ಗೆ ಚಿಂತೆ ಬೇಡ. ನಿಯಮವು ಹೊರಗಿಡುವುದು ಸ್ವಂತ ಬಳಕೆಯ, ಬಿಳಿ ಫಲಕದ ನಾಲ್ಕು ಚಕ್ರದ ವಾಹನವುಳ್ಳವರನ್ನು. ಹೊಟ್ಟೆಪಾಡಿಗಾಗಿ ಓಡಿಸುವ ಒಂದು ಆಟೊವನ್ನಲ್ಲ.