ಒಂದು ಇಂಜೆಕ್ಷನ್ ಸಾಕೇ, ಹತ್ತು ದಿನದ ಮಾತ್ರೆ ಬೇಕೇ?

ಪ್ರಶ್ನೆ: ಡಾಕ್ಟರ್ ಮೇಡಂ, ನಮ್ಮ ಅಮ್ಮನಿಗೆ 66 ವರ್ಷ, ಶುಗರ್ ಇದೆ. ಮುಂದಿನ ತಿಂಗಳು ಮಂಡಿ ಬದಲಾಯಿಸುವ ಆಪರೇಷನ್. ಆಂಟಿಬಯಾಟಿಕ್ ಇಂಜೆಕ್ಷನ್ ಆ ಒಂದು ದಿನ ಮಾತ್ರ, ಮನೆಗೆ ಹೋದಮೇಲೆ ಮಾತ್ರೆ ಬೇಕಿಲ್ಲ ಎಂದರು ಸರ್ಜನ್. ನಮ್ಮ ದೊಡ್ಡಪ್ಪ ಸ್ಕೂಟರಿನಿಂದ ಬಿದ್ದು ಕಾಲಿನ ಮೂಳೆ ಚರ್ಮ ಸೀಳಿ ಹೊರಬಂದಿದ್ದಾಗ ದಿನಗಟ್ಟಲೆ ಔಷಧ ಕೊಟ್ಟಿದ್ದರು. ಅಮ್ಮನಿಗೆ ನಂಜಾದರೆ ಎಂಬ ಭಯ ನಮಗೆ. ನಾವೇ ಕೇಳಿ ಮಾತ್ರೆ ಬರೆಸಿಕೊಳ್ಳಬಹುದೇ? ಅಮ್ಮನಿಗೆ ಚಿಕ್ಕಂದಿನಲ್ಲಿ ಪೆನ್ಸಿಲಿನ್ ಆಗಿಬರಲಿಲ್ಲವಂತೆ.
— ಹೆಸರು ಬೇಡ, ತಿಪಟೂರು

ಉತ್ತರ: ಬರೆಸಿಕೊಳ್ಳಬೇಡಿ. ನಿಮ್ಮ ಸರ್ಜನ್ ಸರಿಯಾಗಿಯೇ ಹೇಳಿದ್ದಾರೆ.

ನಾನು ಅರಿವಳಿಕೆ ವೈದ್ಯೆ. ಥಿಯೇಟರಿನಲ್ಲಿ ಈ ಇಂಜೆಕ್ಷನ್ ಕೊಡುವುದು ನನ್ನ ಕೆಲಸ. ಇದರಲ್ಲಿ ಎಷ್ಟು ದಿನ ಕೊಟ್ಟೆವು ಎಂಬುದಕ್ಕಿಂತ ಯಾವ ಹೊತ್ತಿಗೆ ಕೊಟ್ಟೆವು ಎಂಬುದು ಮುಖ್ಯ. ಚರ್ಮ ಕುಯ್ಯುವ ಹೊತ್ತಿಗೆ ಔಷಧ ರಕ್ತದಲ್ಲಿ, ಮಾಂಸದಲ್ಲಿ, ಮೂಳೆಯಲ್ಲಿ ಸೇರಿಕೊಂಡಿರಬೇಕು. 1961ರಲ್ಲಿ ಜಾನ್ ಬರ್ಕ್ ಎಂಬ ಅಮೆರಿಕದ ಸರ್ಜನ್ ಗಿನಿಪಿಗ್‌ಗಳ ಚರ್ಮಕ್ಕೆ ರೋಗಾಣು ಚುಚ್ಚಿ, ಬೇರೆಬೇರೆ ಹೊತ್ತಿನಲ್ಲಿ ಆಂಟಿಬಯಾಟಿಕ್ ಕೊಟ್ಟು ನೋಡಿದರು. ರೋಗಾಣುವಿಗಿಂತ ಮೊದಲೇ ಔಷಧ ಒಳಗಿದ್ದರೆ ಒಳ್ಳೆಯ ರಕ್ಷಣೆ. ಮೂರು ಗಂಟೆ ತಡವಾದರೆ ಕೊಟ್ಟೂ ಕೊಡದ ಹಾಗೆ.

ಸಾಮಾನ್ಯವಾಗಿ ನಾವು ಕೊಡುವುದು ಸೆಫಜೋಲಿನ್, 2 ಗ್ರಾಂ, ಕುಯ್ಯುವುದಕ್ಕೆ ಮುಂಚಿನ 60 ನಿಮಿಷದೊಳಗೆ. ಮಂಡಿ ಆಪರೇಷನ್ನಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ರಕ್ತ ಸುರಿಯದಿರಲೆಂದು ತೊಡೆಗೆ ಟೂರ್ನಿಕೆ ಪಟ್ಟಿ ಕಟ್ಟಿ ಗಾಳಿ ತುಂಬುತ್ತಾರೆ. ಆಮೇಲೆ ಕೆಳಗಿನ ಕಾಲಿಗೆ ರಕ್ತ ಹರಿಯುವುದಿಲ್ಲ, ಔಷಧವೂ ಹೋಗುವುದಿಲ್ಲ. ಹಾಗಾಗಿ ಸಿರಿಂಜು ಖಾಲಿಯಾಗಿ ಕೆಲವು ನಿಮಿಷ ಕಳೆಯುವವರೆಗೂ ಪಟ್ಟಿಗೆ ಗಾಳಿ ತುಂಬಲು ನಾನು ಬಿಡುವುದಿಲ್ಲ. ಎಲ್ಲರೂ ಗ್ಲೌಸ್ ತೊಟ್ಟು ನಿಂತಿದ್ದರೂ ಸರಿ, ಕಾಯಬೇಕು. ಚಾಕು ಕೈಗೆ ತೆಗೆದುಕೊಳ್ಳುವ ಮುನ್ನ "ಆಂಟಿಬಯಾಟಿಕ್ ಎಷ್ಟು ಗಂಟೆಗೆ?" ಎಂದು ಜೋರಾಗಿ ಕೇಳುತ್ತೇವೆ. ಆಪರೇಷನ್‌ಗಳಿಗೆಂದು ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಚೆಕ್‌ಲಿಸ್ಟಿನಲ್ಲೇ, 60 ನಿಮಿಷದೊಳಗೆ ಕೊಟ್ಟಿದ್ದೀರಾ ಎಂಬ ಪ್ರಶ್ನೆಯಿದೆ. ಆಪರೇಷನ್ ನಾಲ್ಕು ಗಂಟೆ ದಾಟಿದರೆ ಅಥವಾ ರಕ್ತ ಬಹಳ ಹೋದರೆ ಮಧ್ಯದಲ್ಲೇ ಇನ್ನೊಂದು ಡೋಸ್.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಚರ್ಮದ ಮೇಲೆ ಸುಮ್ಮನಿರುವ ಸ್ಟ್ಯಾಫಿಲೋಕಾಕಸ್ ಎಂಬ ರೋಗಾಣು ಮಂಡಿಯೊಳಗೆ ಹಾಕಿದ ಲೋಹದ ಮೇಲೆ ಕೂತರೆ ತನ್ನ ಸುತ್ತ ಲೋಳೆಯಂಥ ಪದರ ಕಟ್ಟಿಕೊಳ್ಳುತ್ತದೆ. ಆಮೇಲೆ ಔಷಧದಿಂದ ಮಾತ್ರ ಅದನ್ನು ನಿರ್ಮೂಲ ಮಾಡುವುದು ಬಹಳ ಕಷ್ಟ, ಕೆಲವೊಮ್ಮೆ ಹಾಕಿದ ಮಂಡಿಯನ್ನೇ ತೆಗೆಯಬೇಕಾಗುತ್ತದೆ.

ಹೊಲಿಗೆ ಬಿದ್ದ ಮೇಲೆ ಈ ಔಷಧದ ಕೆಲಸ ಮುಗಿಯಿತು. ಆಪರೇಷನ್ ಮುಗಿದಮೇಲೆ ಮುಂದುವರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಹಲವು ಸರ್ಜನ್‌ಗಳು 24 ಗಂಟೆಯವರೆಗೆ ಕೊಡುತ್ತಾರೆ, ಅದಕ್ಕೆ ಗಾಬರಿ ಬೇಡ. ಅದಕ್ಕೂ ಮೀರಿದರೆ ಲಾಭವಿಲ್ಲ, ತೊಂದರೆ ಇದೆ. ಮಂಡಿ ಚೆನ್ನಾಗಿಯೇ ಕೂಡಿದ್ದ ಒಬ್ಬ ಅಜ್ಜಿ, ಮನೆಯವರು ಹಟ ಹಿಡಿದು ಬರೆಸಿಕೊಂಡ ಮಾತ್ರೆಯಿಂದ ಭೇದಿ ಹತ್ತಿ ಮತ್ತೆ ವಾರ್ಡಿಗೆ ಬಂದಿದ್ದರು. ನಡೆದಾಡಿ ಮಂಡಿ ಮಡಚಬೇಕಾದ ದಿನಗಳಲ್ಲಿ ಡ್ರಿಪ್ ಹಾಕಿಕೊಂಡು ಮಲಗಿದ್ದರು. ಬೇಡದ ಔಷಧಕ್ಕೆ ರೋಗಾಣುಗಳೂ ಒಗ್ಗಿಕೊಂಡು ಜಗ್ಗದಂತಾಗುತ್ತವೆ. ನಿಜವಾಗಿ ಬೇಕಾದ ದಿನ ಅದೇ ಔಷಧ ಕೈಕೊಡುತ್ತದೆ.

ನಿಮ್ಮ ದೊಡ್ಡಪ್ಪನ ಲೆಕ್ಕವೇ ಬೇರೆ. ರಸ್ತೆಯ ಮಣ್ಣು ಮೂಳೆಗೇ ತಾಗಿದ ಗಾಯವದು. ಅಲ್ಲಿ ಆದಷ್ಟು ಬೇಗ, ಸಾಧ್ಯವಾದರೆ ಒಂದು ಗಂಟೆಯೊಳಗೆ ಇಂಜೆಕ್ಷನ್ ಶುರುಮಾಡಿ, ಗಾಯ ದೊಡ್ಡದಿದ್ದರೆ ಎರಡು ಮೂರು ದಿನ ಕೊಡುವುದು ರೂಢಿ.

ಪೆನ್ಸಿಲಿನ್ ವಿಷಯ ಬರೆದದ್ದು ಒಳ್ಳೆಯದಾಯಿತು. ಆಗ ಆದದ್ದೇನು ಎಂದು ಅಮ್ಮನನ್ನೋ ಅವರಿಗಿಂತ ಹಿರಿಯರನ್ನೋ ಕೇಳಿ: ಬರೀ ವಾಂತಿಯೇ, ಮೈಮೇಲೆ ದದ್ದುಗಳೇ, ಮುಖ ಊದಿ ಉಸಿರು ಕಟ್ಟಿತ್ತೇ? ಪೆನ್ಸಿಲಿನ್ ಆಗದು ಎನ್ನುವವರಲ್ಲಿ ಹೆಚ್ಚಿನವರಿಗೆ ಸೆಫಜೋಲಿನ್ ಕೊಡಬಹುದು. ಬೇಡವೆಂದಾದರೆ ವ್ಯಾಂಕೊಮೈಸಿನ್ ಎಂಬ ಬೇರೆ ಆಂಟಿಬಯಾಟಿಕ್ ಇದೆ, ಆದರೆ ಅದನ್ನು ಒಂದು ಗಂಟೆಗೂ ಮಿಕ್ಕಿ ನಿಧಾನವಾಗಿ ಹನಿಸಬೇಕು. ಆದ್ದರಿಂದ ಪರೀಕ್ಷೆಗೆ ಹೋದಾಗಲೇ ಅರಿವಳಿಕೆ ವೈದ್ಯರಿಗೆ ಹೇಳಿ. ಟೇಬಲ್ ಮೇಲೆ ಮಲಗಿದ ಮೇಲೆ ಹೇಳಿದರೆ ತಡವಾಗುತ್ತದೆ.

ನಿಮ್ಮ ಕೈಯಲ್ಲಿರುವುದು ಅಮ್ಮನ ಶುಗರ್. ಈ ತಿಂಗಳು ಅದನ್ನು ಹತೋಟಿಗೆ ತನ್ನಿ. ಹಲ್ಲು ಹುಳುಕು, ಮೂತ್ರದ ಉರಿ, ಕಾಲ್ಬೆರಳ ಸಂದಿಯ ಹುಣ್ಣು ಇದ್ದರೆ ಮೊದಲೇ ತೋರಿಸಿ. ಮನೆಯಲ್ಲಿ ಬ್ಲೇಡಿನಿಂದ ಕಾಲಿನ ಕೂದಲು ಬೋಳಿಸಬೇಡಿ, ಆ ಸಣ್ಣ ಗೀರುಗಳಲ್ಲೇ ರೋಗಾಣು ಬೆಳೆಯುತ್ತದೆ. ಬದನೆಕಾಯಿ, ಬೇಳೆ ನಂಜು ಎಂದು ಆಪರೇಷನ್ ಆದವರಿಗೆ ಬರೀ ಗಂಜಿ ಹಾಕುವುದೂ ಬೇಡ. ಗಾಯ ಮಾಯಲು ಬೇಳೆ, ಮೊಟ್ಟೆ, ಹಾಲು ಬೇಕು.

ಮನೆಗೆ ಬಂದಮೇಲೆ ಜ್ವರ ಬಂದರೆ, ಗಾಯದಿಂದ ನೀರು ಸೋರಿದರೆ, ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರಿದರೆ ಅಂದೇ ಸರ್ಜನ್ ಹತ್ತಿರ ಹೋಗಿ. ಮೆಡಿಕಲ್ ಶಾಪಿನಿಂದ ನೀವೇ ಆಂಟಿಬಯಾಟಿಕ್ (ಪಟ್ಟಿಯ ಮೇಲೆ ಕೆಂಪು ಗೆರೆಯಿರುವ) ಮಾತ್ರೆ ತಂದು ನುಂಗಿಸಬೇಡಿ. ಮಂಡಿಯೊಳಗಿನ ನೀರು ತೆಗೆದು ಪರೀಕ್ಷಿಸುವ ಮೊದಲೇ ಆಂಟಿಬಯಾಟಿಕ್ ಹೊಟ್ಟೆಗೆ ಹೋದರೆ, ಯಾವ ರೋಗಾಣು ಎಂಬುದು ಲ್ಯಾಬಿನಲ್ಲಿ ಸಿಗದೇ ಹೋಗಬಹುದು.