ಇನ್ಸುಲಿನ್ ಪೊರೆಯನ್ನು ದಾಟುವುದು ಹೇಗೆ?

ಪ್ರಶ್ನೆ: ಜೀವಕೋಶದ ಪೊರೆಯು ಸಣ್ಣ ಅಣುಗಳನ್ನಷ್ಟೇ ದಾಟಗೊಡುತ್ತದೆ ಎಂದು ಪಠ್ಯದಲ್ಲಿ ಓದಿದ್ದೇನೆ. ನಮ್ಮ ಅಜ್ಜಿ ನಿತ್ಯವೂ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಪ್ರೋಟೀನ್ ಆಗಿರುವ ಅದು, ದೇಹದಲ್ಲಿ ತಯಾರಾಗುವ ಕೋಶದಿಂದ ಹೊರಬರುವುದು ಹೇಗೆ? ಬೇರೆ ಕೋಶಗಳ ಒಳಕ್ಕೆ ಹೋಗುವುದು ಹೇಗೆ?
– ಪಿಯುಸಿ ವಿದ್ಯಾರ್ಥಿನಿ, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ನೀವು ಓದಿದ್ದು ಸ್ಥೂಲವಾಗಿ ಸರಿ. ಗ್ಲೂಕೋಸ್ ಕೂಡ ವಾಹಕ ಪ್ರೋಟೀನಿನ ನೆರವಿಲ್ಲದೆ ಪೊರೆಯನ್ನು ದಾಟಲಾರದು. ಅದಕ್ಕಿಂತ 30 ಪಟ್ಟಿಗೂ ಹೆಚ್ಚು ತೂಗುವ, 51 ಅಮೈನೋ ಆಮ್ಲಗಳ ಇನ್ಸುಲಿನ್‌ಗೆ ಆ ದಾರಿಯೂ ಇಲ್ಲ.

ಮೇದೋಜೀರಕ ಗ್ರಂಥಿಯ ಬೀಟಾ ಕೋಶದಲ್ಲಿ ಇನ್ಸುಲಿನ್ನಿನ ಪೂರ್ವರೂಪವು, ಇನ್ನೂ ಮಡಚಿಕೊಳ್ಳದ ಎಳೆಯಾಗಿರುವಾಗಲೇ, ಕಿರಿದಾದ ನಾಳವೊಂದರ ಮೂಲಕ ಕೋಶದೊಳಗಿನ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಒಳಗೆ ನುಸುಳುತ್ತದೆ. ಅದು ಪೊರೆಯನ್ನು ದಾಟುವುದು ಆ ಒಂದೇ ಸಲ. ಅಲ್ಲಿಂದ ಮುಂದೆ ಪೊರೆಯ ಚೀಲಗಳಲ್ಲೇ ಸಾಗಿ, ಪ್ರೋಟೀನ್‌ಗಳನ್ನು ವಿಂಗಡಿಸಿ ಚೀಲಕ್ಕೆ ತುಂಬುವ ಗಾಲ್ಗಿ ಸಂಕೀರ್ಣವನ್ನು ಹಾದು, ಸತುವಿನೊಡನೆ ಹರಳುಗಟ್ಟಿ ಕಾಯುತ್ತಿರುತ್ತದೆ. ಊಟದ ನಂತರ ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಬೀಟಾ ಕೋಶದಲ್ಲಿ ಶಕ್ತಿ ಒದಗಿಸುವ ಎಟಿಪಿ ಅಣು ಹೆಚ್ಚಿ, ಪೊಟ್ಯಾಸಿಯಂ ನಾಳಗಳು ಮುಚ್ಚಿ, ಕ್ಯಾಲ್ಸಿಯಂ ನಾಳಗಳು ತೆರೆದುಕೊಳ್ಳುತ್ತವೆ. ಕ್ಯಾಲ್ಸಿಯಂ ಒಳನುಗ್ಗಿದೊಡನೆ ಚೀಲದ ಮೇಲಿನ ಹಾಗೂ ಕೋಶಪೊರೆಯ ಮೇಲಿನ ಸ್ನೇರ್ ಪ್ರೋಟೀನ್‌ಗಳು ಬಿಗಿಯಾಗಿ ಹೆಣೆದುಕೊಂಡು ಎರಡೂ ಪೊರೆಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಸಾರಿನ ಮೇಲೆ ತೇಲುವ ಎರಡು ಎಣ್ಣೆಹನಿಗಳು ಕೂಡುವಂತೆ ಅವು ಒಂದಾದಾಗ, ಚೀಲದೊಳಗೆ ಇದ್ದದ್ದು ಕೋಶದ ಹೊರಗೆ ಇರುತ್ತದೆ. ಪೊರೆ ಹರಿಯುವುದಿಲ್ಲ, ಕೋಶದ ದ್ರವ ಸೋರುವುದಿಲ್ಲ. ಎಕ್ಸೋಸೈಟೋಸಿಸ್ ಎಂಬ ಈ ಕ್ರಿಯೆ ಪಠ್ಯಗಳಲ್ಲಿ ಒಂದೆರಡು ಸಾಲಿಗೇ ಮುಗಿದುಹೋಗುವುದು ಅನ್ಯಾಯವೆಂದೇ ನನ್ನ ಅನಿಸಿಕೆ. ಚೀಲಗಳ ಈ ಸಾಗಾಟವನ್ನು ಬಿಡಿಸಿ ತೋರಿಸಿದ ರಾತ್‌ಮನ್, ಶೆಕ್‌ಮನ್ ಮತ್ತು ಸುಡೋಫ್ ಅವರಿಗೆ 2013ರ ನೊಬೆಲ್ ಸಂದಿತು.

ಇನ್ನು ಎರಡನೆಯ ಪ್ರಶ್ನೆ. ತನ್ನ ಕೆಲಸ ಮಾಡಲು ಇನ್ಸುಲಿನ್ ಬೇರೆ ಕೋಶದ ಒಳಗೆ ಹೋಗಬೇಕಾಗಿಯೇ ಇಲ್ಲ. ಸ್ನಾಯುಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅಂಟಿಕೊಂಡರೆ ಸಾಕು. ಆ ಸಂಜ್ಞೆ ಸಿಕ್ಕಾಗ, ಒಳಗಿನ ಚೀಲಗಳಲ್ಲಿ ಕೂಡಿಟ್ಟಿದ್ದ ಗ್ಲೂಕೋಸ್ ವಾಹಕಗಳು ಮೇಲೆ ಹೇಳಿದ ರೀತಿಯಲ್ಲೇ ಕೋಶಪೊರೆಗೆ ಬಂದು ಸೇರುತ್ತವೆ.

ದೊಡ್ಡದೊಂದು ನಿಜವಾಗಿಯೂ ಒಳಹೋಗುವುದನ್ನು ನೋಡಬೇಕಾದರೆ ಕೊಲೆಸ್ಟರಾಲ್ ಹೊತ್ತ ಎಲ್‌ಡಿಎಲ್ ಕಣವನ್ನು ಗಮನಿಸಿ. ಅದನ್ನು ಹಿಡಿದ ಗ್ರಾಹಕಗಳು ಪೊರೆಯ ಒಂದು ಕುಳಿಯಲ್ಲಿ ನೆರೆಯುತ್ತವೆ; ಒಳಬದಿಯಲ್ಲಿ ಕ್ಲಾಥ್ರಿನ್ ಪ್ರೋಟೀನಿನ ಜಾಲ ಕಟ್ಟಿಕೊಂಡು ಕುಳಿ ಆಳವಾಗುತ್ತದೆ; ಡೈನಮಿನ್ ಎಂಬ ಪ್ರೋಟೀನ್ ಅದರ ಕುತ್ತಿಗೆಯನ್ನು ಹಿಸುಕಿ ಚೀಲವನ್ನು ಬೇರ್ಪಡಿಸುತ್ತದೆ. ಇದು ಎಂಡೋಸೈಟೋಸಿಸ್. ಮುಂದೆ ಕಣವು ಕೋಶದ ಜೀರ್ಣಚೀಲವಾದ ಲೈಸೋಸೋಮ್‌ನಲ್ಲಿ ಕರಗಿದರೆ, ಗ್ರಾಹಕವು ಮರಳಿ ಹೊರಮೈಗೆ ಬರುತ್ತದೆ. ಎಲ್‌ಡಿಎಲ್ ಗ್ರಾಹಕವನ್ನು ಗುರುತಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರು 1985ರಲ್ಲಿ ನೊಬೆಲ್ ಪಡೆದರು. ಅವರು ಪರಿಶೀಲಿಸಿದ ರೋಗಿಗಳ ಪೈಕಿ ಗ್ರಾಹಕವು ಎಲ್‌ಡಿಎಲ್ ಅನ್ನು ಸರಿಯಾಗಿಯೇ ಹಿಡಿದರೂ ಕುಳಿಗಳಲ್ಲಿ ನೆರೆಯದ ಪ್ರಕರಣವೂ ಇತ್ತು. ಅಂಥವರಲ್ಲಿ ಕೊಲೆಸ್ಟರಾಲ್ ಒಳಸೇರದೆ ರಕ್ತದಲ್ಲೇ ಉಳಿದು ಎಳೆಯ ವಯಸ್ಸಿನಲ್ಲೇ ಹೃದ್ರೋಗ ತರುತ್ತದೆ.