ಕಸದ ಬುಟ್ಟಿಗೆ ಬಿದ್ದ ತೀರ್ಪು

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಅಮೆರಿಕದ ಕೈದಿಯೊಬ್ಬನ ಜಡೆ ಬೋಳಿಸಿದ್ದಕ್ಕೆ ಎರಡು ಪುಟ ಬರೆದಿದ್ದೀರಿ. ಕೂದಲು ತಾನೇ, ಮತ್ತೆ ಬೆಳೆಯುತ್ತೆ. ಅದಕ್ಕೆಲ್ಲ ಜೈಲು ಸಿಬ್ಬಂದಿ ಸ್ವಂತ ದುಡ್ಡು ಕಟ್ಟಬೇಕು ಅಂದರೆ ಆ ಕೆಲಸಕ್ಕೆ ಯಾರು ಬರುತ್ತಾರೆ?”

ಮೇಷ್ಟ್ರೇ, ಜೈಲು ಸಿಬ್ಬಂದಿಯ ಕೆಲಸ ಕಷ್ಟದ್ದು, ಒಪ್ಪಿದೆ. ಜಡೆಯೊಳಗೆ ಬ್ಲೇಡು ಬಚ್ಚಿಡಬಹುದು ಅನ್ನುವ ಭಯವೂ ಸುಳ್ಳಲ್ಲ. ಆದರೆ ‘ಕೂದಲು ತಾನೇ’ ಅಂದಿರಲ್ಲ, ನನಗೆ ನೋವಾಯಿತು. ಗಂಡ ಸತ್ತಾಗ ನನ್ನ ಮುತ್ತಜ್ಜಿ ಇನ್ನೂ ಹುಡುಗಿ. ಹಿತ್ತಲಲ್ಲಿ ಕೂರಿಸಿ ತಲೆ ಬೋಳಿಸಿದರು. ಎಂಬತ್ತು ದಾಟಿದ ಮೇಲೂ ಬಾಗಿಲಲ್ಲಿ ಯಾರದ್ದಾದರೂ ದನಿ ಕೇಳಿದರೆ ಅವರ ಕೈ ಸೆರಗಿಗೆ ಹೋಗುತ್ತಿತ್ತು. ನಮ್ಮ ಹಿತ್ತಲಲ್ಲಿ ಧರ್ಮದ ಹೆಸರಲ್ಲಿ ಬೋಳಿಸಿದರು, ಅಮೆರಿಕದ ಲೂಸಿಯಾನಾ ರಾಜ್ಯದ ಜೈಲಲ್ಲಿ ಧರ್ಮವನ್ನು ಕಡೆಗಣಿಸಿ. ಕೂತವರ ಮಾತನ್ನು ಎರಡು ಕಡೆಯೂ ಯಾರೂ ಕೇಳಲಿಲ್ಲ.

ಆ ಕೈದಿ ಡೇಮನ್ ಲ್ಯಾಂಡರ್, ಜಮೈಕಾದಲ್ಲಿ ಹುಟ್ಟಿದ ರಾಸ್ತಾಫಾರಿ ಪಂಥದವರು. ಕೂದಲು ಕತ್ತರಿಸದ, ಬೈಬಲಿನ ನಾಜೀರ ವ್ರತ ಹಿಡಿದು ಸುಮಾರು 20 ವರ್ಷ ಕತ್ತರಿ ತಾಗಿಸಿರಲಿಲ್ಲ. 2020ರಲ್ಲಿ ಐದು ತಿಂಗಳ ಶಿಕ್ಷೆ ಮುಗಿಯಲು ಮೂರೇ ವಾರ ಇತ್ತು. ಆಗ ಬೇರೆ ಜೈಲಿಗೆ ಕಳಿಸಿದರು. ರಾಸ್ತಾಫಾರಿ ಕೈದಿಯ ಜಡೆ ಕತ್ತರಿಸುವುದು ತಪ್ಪು ಎಂದು ಅದೇ ರಾಜ್ಯದ ಮೊಕದ್ದಮೆಯಲ್ಲಿ 2017ರಲ್ಲೇ ಮೇಲ್ಮನವಿ ಕೋರ್ಟು ಹೇಳಿತ್ತು. ಆ ತೀರ್ಪಿನ ಪ್ರತಿ ಅವರ ಕೈಯಲ್ಲೇ ಇತ್ತು. ಅವರ ದೂರಿನ ಪ್ರಕಾರ, ಕಾವಲುಗಾರ ಅದನ್ನು ಕಸದ ಬುಟ್ಟಿಗೆ ಎಸೆದ. ಆಮೇಲೆ ಕುರ್ಚಿಗೆ ಬೇಡಿ ಹಾಕಿ ಬೋಳಿಸಿದರು.

ಕೈದಿಗಳ ಧರ್ಮಾಚರಣೆಗೆ ರಕ್ಷಣೆ ಕೊಡುವ ಕಾನೂನು ಅಲ್ಲಿ 2000ದಿಂದಲೂ ಇದೆ. ಅದರಡಿ ರಾಜ್ಯದಿಂದ ಪರಿಹಾರದ ಹಣ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಹಾಗಾದರೆ ಬೋಳಿಸಿದವರೇ ಕೊಡಲಿ ಎಂದು ಲ್ಯಾಂಡರ್ ಕೇಳಿದರು. ಮೇಲ್ಮನವಿ ಕೋರ್ಟು ನಡೆದದ್ದನ್ನು ಕಟುವಾಗಿ ಖಂಡಿಸಿತು, ಆದರೆ ಹಣ ಕೊಡಿಸಲಾಗದು ಎಂದಿತು. 2025ರ ನವೆಂಬರ್ 10ರಂದು ಸುಪ್ರೀಂ ಕೋರ್ಟಿನಲ್ಲಿ ಇದೇ ಪ್ರಶ್ನೆಯ ಮೇಲೆ ವಾದ ನಡೆಯಿತು. ವಿಚಿತ್ರ ನೋಡಿ, ರಾಜ್ಯದವರಲ್ಲ, ಅಲ್ಲಿನ ಕೇಂದ್ರ ಸರ್ಕಾರದ ಅಧಿಕಾರಿಗಳು ಧರ್ಮಾಚರಣೆಗೆ ಅಡ್ಡಬಂದರೆ ಅವರಿಂದಲೇ ಹಣ ಕೇಳಬಹುದು ಎಂದು ಅದೇ ಕೋರ್ಟು 2020ರಲ್ಲಿ ಒಪ್ಪಿತ್ತು. ಹಣ ಸಿಗದಿದ್ದರೆ ಉಳಿಯುವ ‘ಇನ್ನು ಮುಂದೆ ಬೋಳಿಸಬೇಡಿ’ ಅನ್ನುವ ಆದೇಶ, ಮೂರು ವಾರಕ್ಕೆ ಮನೆಗೆ ಹೋಗುವವರಿಗೆ ಯಾವ ಉಪಯೋಗಕ್ಕೆ ಬಂತು ಹೇಳಿ?

ನಮ್ಮಲ್ಲೇನು ಜಾಸ್ತಿ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಬಿಹಾರದ ರುದುಲ್ ಸಾಹ್ 1968ರಲ್ಲೇ ಖುಲಾಸೆಯಾದರೂ 14 ವರ್ಷ ಜೈಲಲ್ಲೇ ಕೊಳೆತರು. 1983ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಒಟ್ಟು 35,000 ರೂಪಾಯಿ ಕೊಡಿಸಿತು. ಕೊಟ್ಟದ್ದು ರಾಜ್ಯದ ಖಜಾನೆ, ಅಂದರೆ ಜನರ ತೆರಿಗೆ ದುಡ್ಡು. ನಿಮ್ಮ ತರಗತಿಯಲ್ಲಿ ಒಬ್ಬ ಹುಡುಗ ಗಾಜು ಒಡೆದರೆ ಊರಿನವರೆಲ್ಲರ ಹತ್ತಿರ ವಸೂಲಿ ಮಾಡುತ್ತಿದ್ದಿರಾ, ಮೇಷ್ಟ್ರೇ?